ಮನೆಯೋ, ಹಾಸ್ಟೆಲೋ?

ಇಂಡೊನೇಷ್ಯನ್ ಭಾಷೆಯ ಉನ್ನತ ಹಂತ ಕಲಿಯಲು ಮಲಾಂಗ್‌ಗೆ ಹೊರಟಿದ್ದೀರಿ, ಸಂತೋಷ. ಅಲ್ಲಿನ ಕುಟುಂಬದ ಜೊತೆಗಿದ್ದರೆ ಭಾಷೆ ತಾನಾಗಿ ಬರುತ್ತದೆ ಎಂದು ಬರೆದಿದ್ದೀರಿ. ಅರ್ಧ ನಿಜ. ಮಲಾಂಗ್ ಇರುವುದು ಪೂರ್ವ ಜಾವಾದಲ್ಲಿ. ಊಟಕ್ಕೆ ಕೂತಾಗ ಮನೆಮಂದಿ ತಮ್ಮತಮ್ಮೊಳಗೆ ಆಡುವುದು ಹೆಚ್ಚಾಗಿ ಜಾವನೀಸ್. ಏನೂ ತಿಳಿಯದಿದ್ದರೆ ಕಂಗೆಡಬೇಡಿ. ನಿಮ್ಮೊಡನೆ ಇಂಡೊನೇಷ್ಯನ್‌ನಲ್ಲೇ ಮಾತಾಡಬೇಕೆಂದು ಮೊದಲ ದಿನವೇ ಕೇಳಿಕೊಳ್ಳಿ. ಆದರೂ ಹಾಸ್ಟೆಲ್‌ಗಿಂತ ಮನೆಯೇ ಮೇಲು. ವಿದೇಶಿ ಸಹಪಾಠಿಗಳು ಸೇರಿದ ಕಡೆ ಇಂಗ್ಲಿಷೇ ಗೆಲ್ಲುತ್ತದೆ, ನೋಡಿ.

ನಿಮ್ಮ ಹಂತದ ನಿಜವಾದ ತೊಡಕು ಬೇರೆ. ಪುಸ್ತಕದ ಭಾಷೆ ಕಲಿತವರ ಕಿವಿಗೆ ವಾರುಂಗ್‌ನ, ಅಂದರೆ ಬೀದಿಬದಿ ಹೋಟೆಲಿನ ಮಾತು ಸಿಕ್ಕುವುದಿಲ್ಲ. ಆಡುಮಾತಿನಲ್ಲಿ ಕ್ರಿಯಾಪದದ ‘ಮೆ’ ಪ್ರತ್ಯಯ ಎಷ್ಟೋ ಸಲ ಉದುರಿಹೋಗಿರುತ್ತದೆ. ಹಾಗೆಂದು ಬರೀ ಬೀದಿಮಾತಿಗೆ ಅಂಟಿಕೊಂಡರೆ ಪ್ರಬಂಧ ಬರೆಯಲಾಗದು. ದಿನವೂ ‘ಕೊಂಪಾಸ್’ ಪತ್ರಿಕೆಯ ಒಂದು ಲೇಖನ ಓದಿ, ಅದರ ಸಾರವನ್ನು ಮನೆಯ ‘ಇಬು’ಗೆ, ಅಂದರೆ ಅಮ್ಮನಿಗೆ, ಬಾಯಲ್ಲೇ ಹೇಳಿ. ಇದಕ್ಕಿಂತ ಒಳ್ಳೆಯ ಕಸರತ್ತು ನನಗೆ ಗೊತ್ತಿಲ್ಲ.

ಖರ್ಚಿನ ವಿಷಯ: ಇಂಡೊನೇಷ್ಯಾ ಸರ್ಕಾರದ ‘ದರ್ಮಸಿಸ್ವ’ ವಿದ್ಯಾರ್ಥಿವೇತನ ವಿದೇಶಿಯರಿಗೆಂದೇ 1974ರಲ್ಲಿ ಆರಂಭವಾದದ್ದು. ಸಾಲದ ಮಾತೆತ್ತುವ ಮೊದಲು ದೆಹಲಿಯ ಇಂಡೊನೇಷ್ಯಾ ರಾಯಭಾರ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.