ಹಳೇ ಜೀಪ್ ಪಿಕಪ್‌ಗೆ ಹೊಸ ಬ್ರೇಕ್: ಮೊದಲು ನಿಲ್ಲೋದು ಕಲಿಸ್ರಿ, ಆಮೇಲೆ ಓಡಿಸ್ರಿ

ಈ ವಾರ ಜೀವಾಮೃತ, ಕೀಟ, ಗೊಬ್ಬರ ಎಲ್ಲಾ ಬದಿಗಿಡೋಣ. ಬೆಳೆದ ಮಾಲನ್ನು ಪೇಟೆಗೆ ಒಯ್ಯುವ ಗಾಡಿಯ ಬಗ್ಗೆ ಮಾತಾಡೋಣ. ತೋಟಗಾರಿಕೆ ಓದಿದ ನಾನು ಬ್ರೇಕ್ ಪಾಠ ಹೇಳೋಕೆ ಕಾರಣ ಇದೆ.

ನಮ್ಮ ತೋಟ ಬಾದಾಮಿ ತಾಲ್ಲೂಕಿನಲ್ಲಿದೆ. ಅಪ್ಪ ಕೊಂಡ ಹಳೇ ಫೋರ್ ವೀಲ್ ಜೀಪ್ ಪಿಕಪ್ಪೇ ನಮ್ಮ ಆಸ್ತಿ. ಎರಡು ವರ್ಷದ ಹಿಂದೆ ದಾಳಿಂಬೆ ಕ್ರೇಟ್ ತುಂಬಿಕೊಂಡು ಗುಳೇದಗುಡ್ಡ, ಅಮೀನಗಡ, ಹುನಗುಂದ ದಾಟಿ ಇಳಕಲ್ಲಿಗೆ ಹೊರಟಿದ್ದೆ. ಪಕ್ಕದಲ್ಲಿ ಅಪ್ಪ. ಗುಳೇದಗುಡ್ಡದ ಹತ್ತಿರ ಇಳಿಜಾರಿನಲ್ಲಿ ಎದುರಿಗೆ ಕುರಿ ಹಿಂಡು. ಬ್ರೇಕ್ ತುಳಿದೆ. ಪೆಡಲ್ ಸೀದಾ ನೆಲಕ್ಕೆ ಹೋಯ್ತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಹತ್ತಿಸಿದೆ. ಕುರಿ, ಕುರಿ ಕಾಯುವ ಕಾಕಾ, ಅಪ್ಪ, ಎಲ್ಲರೂ ಉಳಿದರು.

ಅಪ್ಪ ಕೇಳಿದ್ದು ಒಂದೇ ಮಾತು: "ಎಣ್ಣಿ ಕಡಿಮಿ ಆಗಾಕತ್ತಿತ್ತಲ್ಲ, ಯಾಕ ನೋಡ್ಲಿಲ್ಲೋ?"

ನಿಜ. ಒಂದು ತಿಂಗಳಿಂದ ಬ್ರೇಕ್ ಆಯಿಲ್ ಇಳೀತಿತ್ತು. ಎಲ್ಲಿ ಸೋರುತ್ತೆ ಅಂತ ಹುಡುಕದೆ ನಾನು ಬರೀ ತುಂಬಿಸ್ತಿದ್ದೆ. ಎಲೆ ಹಳದಿ ಆದ್ರೆ ಬೇರು ಅಗೆದು ನೋಡೋ ಮನುಷ್ಯ, ಗಾಡಿ ವಿಷಯದಲ್ಲಿ ಎಲೆಗೆ ಹಸಿರು ಬಣ್ಣ ಹಚ್ತಿದ್ದೆ. ಅವತ್ತಿನಿಂದ ಅಪ್ಪ ಇಳಕಲ್ಲಿಗೆ ಬಸ್ಸಿನಲ್ಲೇ ಹೋಗೋಕೆ ಶುರು ಮಾಡಿದರು.

ಒಂದು ಕಡೆ ಸೋರಿದ್ರೆ ನಾಲ್ಕೂ ಗಾಲಿ ಯಾಕೆ ಕೈ ಕೊಡ್ತವೆ?

ನಮ್ಮ ದೇಶಕ್ಕೆ ಜೀಪ್ ಬಂದದ್ದು ಸ್ವಾತಂತ್ರ್ಯದ ಹೊತ್ತಿಗೆ. 1945ರಲ್ಲಿ ಶುರುವಾದ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪನ್ನು ಇಲ್ಲಿ ಜೋಡಿಸೋಕೆ ಮುಂದಾಯ್ತು. ಆ ಕಾಲದ ಜೀಪುಗಳಲ್ಲಿ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್, ನಾಲ್ಕಕ್ಕೂ ಸೇರಿ ಒಂದೇ ಆಯಿಲ್ ದಾರಿ. ಒಂದು ವೀಲ್ ಸಿಲಿಂಡರ್ ಒಡೆದ್ರೆ ಇಡೀ ದಾರಿಯ ಒತ್ತಡ ಹೋಗುತ್ತೆ. ಡ್ರಿಪ್ ಮೇನ್ ಪೈಪ್ ಒಡೆದ್ರೆ ಯಾವ ಸಾಲಿಗೂ ನೀರು ಬರಲ್ಲವಲ್ಲ, ಹಂಗೆ. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಎರಡು ಬೇರೆ ಬೇರೆ ದಾರಿ ಕಡ್ಡಾಯವಾಯ್ತು. ಆಗ ಒಂದು ಹೋದ್ರೂ ಇನ್ನೊಂದು ಉಳಿಯುತ್ತೆ. ಅದಕ್ಕೇ ಹಳೇ ಗಾಡಿಗೆ ಮಾಡಬೇಕಾದ ಮೊದಲ ಸುಧಾರಣೆ ಡಿಸ್ಕ್ ಅಲ್ಲ, ಎರಡು ದಾರಿಯ ಮಾಸ್ಟರ್ ಸಿಲಿಂಡರ್.

ಲೆಕ್ಕ ನೋಡ್ರಿ

ಗಂಟೆಗೆ 40 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ ಸುಮಾರು 11 ಮೀಟರ್. ಎದುರಿಗೆ ಕಂಡದ್ದನ್ನು ಗುರುತಿಸಿ ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಅಂತ ಇಟ್ಕೊಳ್ಳಿ, 11 ಮೀಟರ್ ಆಗಲೇ ಹೋಯ್ತು. ಬ್ರೇಕ್ ಚೆನ್ನಾಗಿದ್ದು ಪ್ರತಿ ಸೆಕೆಂಡಿಗೆ ವೇಗ 5 ಮೀಟರ್ ಕಡಿಮೆಯಾದ್ರೆ, ನಿಲ್ಲೋಕೆ ಇನ್ನೂ 12 ಮೀಟರ್ ಬೇಕು. ಒಟ್ಟು 23. ಬ್ರೇಕ್ ಸವೆದು 3 ಮೀಟರ್ ಮಾತ್ರ ಕಡಿಮೆಯಾದ್ರೆ ಒಟ್ಟು 32 ಮೀಟರ್. ಅದೇ ಸವೆದ ಬ್ರೇಕಿನಲ್ಲಿ 60ರ ವೇಗ ಇದ್ರೆ ಸುಮಾರು 63 ಮೀಟರ್! ವೇಗ ಒಂದೂವರೆ ಪಟ್ಟು, ದೂರ ಸುಮಾರು ಎರಡು ಪಟ್ಟು. ಇದು ಸಪಾಟು ರಸ್ತೆಯ ಲೆಕ್ಕ. ಇಳಿಜಾರು, ಲೋಡ್ ಸೇರಿದ್ರೆ ಇನ್ನೂ ಹೆಚ್ಚು.

ಬ್ರೇಕ್: ನಾನು ಮಾಡಿದ ಕ್ರಮ

1. ಮೊದಲು ಇದ್ದದ್ದನ್ನು ಸರಿ ಮಾಡಿಸಿದೆ. ಡ್ರಮ್ ಬಿಚ್ಚಿದಾಗ ಒಳಗೆ ಒಣಗಿದ ಎರೆ ಮಣ್ಣು ಸಿಮೆಂಟಿನಂತೆ ಕೂತಿತ್ತು. ವೀಲ್ ಸಿಲಿಂಡರ್, ರಬ್ಬರ್ ಹೋಸ್, ಆಯಿಲ್ ಕುಡಿದ ಲೈನರ್, ಎಲ್ಲಾ ಬದಲಾಯಿಸಿದೆ. ಆಯಿಲ್ ಕುಡಿದ ಲೈನರನ್ನು ತೊಳೆದು ಹಾಕಬೇಡಿ.

2. ಎರಡು ದಾರಿಯ ಮಾಸ್ಟರ್ ಸಿಲಿಂಡರ್, ಮುಂದಿನ ಗಾಲಿಗೆ ಡಿಸ್ಕ್. ಡಿಸ್ಕ್ ಬೇಗ ತಣ್ಣಗಾಗುತ್ತೆ, ಹಳ್ಳ ದಾಟಿದ ಮೇಲೆ ಬೇಗ ಒಣಗುತ್ತೆ. ಆದ್ರೆ ಡ್ರಮ್ಮಿನ ಮಾಸ್ಟರ್ ಸಿಲಿಂಡರಿಗೇ ಡಿಸ್ಕ್ ಜೋಡಿಸಬಾರದು. ಡ್ರಮ್ ದಾರಿಯಲ್ಲಿ ಸ್ವಲ್ಪ ಒತ್ತಡ ಹಿಡಿದಿಡುವ ವಾಲ್ವ್ ಇರುತ್ತೆ. ಅದು ಡಿಸ್ಕ್ ದಾರಿಯಲ್ಲಿ ಉಳಿದ್ರೆ ಬ್ರೇಕ್ ಪೂರ್ತಿ ಬಿಡದೆ ಗಾಲಿ ಕಾಯುತ್ತೆ.

3. ಬೂಸ್ಟರ್. ಡಿಸ್ಕಿಗೆ ಹೆಚ್ಚು ಒತ್ತಡ ಬೇಕು, ಕಾಲಿನ ಬಲ ಸಾಲಲ್ಲ. ಬೂಸ್ಟರ್ ಕೆಲಸ ಮಾಡೋದು ಗಾಳಿ ಎಳೆತದಿಂದ. ಡೀಸೆಲ್ ಇಂಜಿನ್ ತಾನಾಗಿ ಆ ಎಳೆತ ಕೊಡಲ್ಲ, ಬೇರೆ ವ್ಯಾಕ್ಯೂಮ್ ಪಂಪ್ ಬೇಕೇ ಬೇಕು. ಇಂಜಿನ್ ನಿಂತ್ರೆ ಎರಡು ಮೂರು ಸಲ ತುಳಿಯುವಷ್ಟು ಎಳೆತ ಮಾತ್ರ ಉಳಿಯುತ್ತೆ. ಹಾಗಾಗಿ ಡೀಸೆಲ್ ಉಳಿಸೋಕೆ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡೋ ಚಟ ಇದ್ರೆ ಇವತ್ತೇ ಬಿಡ್ರಿ.

4. ಹಿಂದೆ ಮುಂದೆ ಸಮತೋಲ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಜೋರಾಗಿ ತುಳಿದ್ರೆ ಹಿಂದಿನ ಗಾಲಿ ಮೊದಲು ಲಾಕ್ ಆಗಿ ಗಾಡಿ ತಿರುಗಿಬಿಡುತ್ತೆ. ಇದನ್ನು ತಡೆಯೋ ವಾಲ್ವ್ ಹಾಕಿಸಿ, ಖಾಲಿ ಇದ್ದಾಗಲೂ ಲೋಡ್ ಇದ್ದಾಗಲೂ ಬಯಲಲ್ಲಿ ನಿಧಾನ ವೇಗದಲ್ಲಿ ಪರೀಕ್ಷೆ ಮಾಡಿದೆ.

5. ಆಯಿಲ್. ಡಬ್ಬಿ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಇರುತ್ತೆ. ಇದು ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಲ್ಲ, ತೇವ ಕುಡಿದ ಮೇಲೆ 140ಕ್ಕೇ ಕುದಿಯಬಹುದು. ಕುದ್ರೆ ಆವಿ, ಆವಿ ಆದ್ರೆ ಪೆಡಲ್ ಮೆತ್ತಗೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಇಂಜಿನ್ ಆಯಿಲ್, ಡೀಸೆಲ್ ಒಂದು ಹನಿಯೂ ಬೀಳಬಾರದು, ರಬ್ಬರ್ ಉಬ್ಬಿ ಹಾಳಾಗುತ್ತೆ. ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ದೂರದ ಗಾಲಿಯಿಂದ ಶುರು ಮಾಡೋದು ರೂಢಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ.

ಸ್ಟೇರಿಂಗ್: ಪವರ್ ಬೇಕೋ, ರಿಪೇರಿ ಬೇಕೋ?

ನಮ್ಮ ಗಾಡಿ ಸ್ಟೇರಿಂಗ್ ಭಾರ, ಮೇಲಾಗಿ ಹೊಲದ ಬದು ದಾಟಿದ್ರೆ ಗಡಗಡ ನಡುಕ. ಪವರ್ ಸ್ಟೇರಿಂಗ್ ಹಾಕಿಸೋಣ ಅಂತ ಹೋದೆ. ಇಳಕಲ್ಲಿನ ಹಿರಿಯ ಮಿಸ್ತ್ರಿ ತಡೆದರು: "ತಮ್ಮಾ, ಮುರಿದ ಕಾಲಿಗೆ ಹೊಸ ಬೂಟ್ ಹಾಕ್ಬ್ಯಾಡ."

ಅವರು ಹೇಳಿಕೊಟ್ಟ ಪರೀಕ್ಷೆ ನೀವೂ ಮಾಡಬಹುದು. ಗಾಡಿ ಸಪಾಟು ಜಾಗದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ. ಇಂಜಿನ್ ಆಫ್ ಇರಲಿ. ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಆಚೆ ಈಚೆ ಆಡಿಸಲಿ. ಇನ್ನೊಬ್ಬರು ಪ್ರತಿ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಲಿ. ಒಂದು ಕಡೆ ಅಲ್ಲಾಡಿ ಇನ್ನೊಂದು ಕಡೆ ಅಲ್ಲಾಡದಿದ್ರೆ, ಸವೆತ ಅಲ್ಲೇ ಇದೆ. ಟೈ ರಾಡ್ ಎಂಡ್, ಕಿಂಗ್ ಪಿನ್ ಬೇರಿಂಗ್, ಪಾಟಾ ಬುಷ್, ಸ್ಟೇರಿಂಗ್ ಬಾಕ್ಸ್ ಚಾಸಿಸ್ಸಿಗೆ ಕೂತ ಬೋಲ್ಟ್, ಎಲ್ಲಾ ನೋಡಿ.

ನನ್ನದರಲ್ಲಿ ಕಿಂಗ್ ಪಿನ್ ಬೇರಿಂಗ್ ಮತ್ತು ಎರಡು ಟೈ ರಾಡ್ ಎಂಡ್ ಹೋಗಿದ್ದವು. ಬದಲಾಯಿಸಿ ಅಲೈನ್‌ಮೆಂಟ್ ಮಾಡಿಸಿದ ಮೇಲೆ ನಡುಕ ನಿಂತಿತು, ಪವರ್ ಸ್ಟೇರಿಂಗ್ ಅವಶ್ಯಕತೆಯೇ ಬೀಳಲಿಲ್ಲ. ನಿಮಗೆ ಬೇಕೇ ಬೇಕು ಅಂದ್ರೆ ಬಾಕ್ಸ್ ಕೂರುವ ಜಾಗದಲ್ಲಿ ಚಾಸಿಸ್ ಬಿರುಕು ಬಿಟ್ಟಿದೆಯಾ ನೋಡಿ, ಪ್ಲೇಟ್ ಕೊಟ್ಟು ಗಟ್ಟಿ ಮಾಡಿಸಿ. ಇನ್ನೊಂದು ಮಾತು: ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಬೇಡಿ. ಇಂಥ ಹಳೇ ಗಾಡಿಯಲ್ಲಿ ತಿರುವಿನಲ್ಲಿ ಸ್ಟೇರಿಂಗ್ ಬಿಗಿಯಾಗುತ್ತೆ, ಗೇರ್ ಸವೆಯುತ್ತೆ. ಅದು ಕೆಸರಿಗೆ, ಹೊಲಕ್ಕೆ ಮಾತ್ರ.

ಕಾಗದ ಮರೀಬೇಡಿ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಕೆಲಸಕ್ಕೆ ಕೈ ಹಾಕೋ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಬರೆದು ಕೇಳಿ, ಉತ್ತರ ಬರಹದಲ್ಲೇ ಪಡೆಯಿರಿ. ವಿಮೆ ಕಂಪನಿಗೂ ತಿಳಿಸಿ. ಬ್ರೇಕ್ ಕೆಲಸವನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ಒಬ್ಬರೇ ಮಾಡೋಕೆ ಹೋಗಬೇಡಿ, ಗೊತ್ತಿದ್ದ ಮಿಸ್ತ್ರಿ ಜೊತೆಗಿರಲಿ.

ಲೋಡ್ ಹೇರೋ ಮೊದಲು ಎರಡು ನಿಮಿಷ

ಆಯಿಲ್ ಮಟ್ಟ ನೋಡಿ. ಪೆಡಲ್ ತುಳಿದು 30 ಎಣಿಸಿ, ನಿಧಾನಕ್ಕೆ ಇಳಿದ್ರೆ ಗಾಡಿ ಹೊರಡಬಾರದು. ನಾಲ್ಕೂ ಗಾಲಿಯ ಒಳಬದಿಗೆ ಮೊಬೈಲ್ ಟಾರ್ಚ್ ಬಿಡಿ, ಹಸಿ ಕಂಡ್ರೆ ಸೋರಿಕೆ. ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರಾಗಿ ತುಳಿದು ಒಣಗಿಸಿ.

ಹೋದ ಸುಗ್ಗಿಯಿಂದ ಅಪ್ಪ ಮತ್ತೆ ಪಕ್ಕದ ಸೀಟಿಗೆ ಬಂದಿದ್ದಾರೆ. ಆ ಇಳಿಜಾರು ಬಂದಾಗ ಈಗಲೂ ಎದುರಿನ ಹಿಡಿಕೆ ಹಿಡ್ಕೋತಾರೆ. ನಾನೂ ಏನೂ ಅನ್ನಲ್ಲ, ಸುಮ್ನೆ ಒಂದು ಗೇರ್ ಇಳಿಸ್ತೀನಿ.