ಯಾವುದೋ ಮೂರು ಕೀ ಒತ್ತಿದರೆ ಕಾರ್ಡ್ ಆಗುತ್ತದೆಯೇ?



ಗಣೇಶನ ಹಬ್ಬಕ್ಕೆ ನಮ್ಮ ಅಮೃತಹಳ್ಳಿಯಲ್ಲಿ ಆರ್ಕೆಸ್ಟ್ರಾ ನಡೆದಾಗ ಕೀಬೋರ್ಡ್ ನುಡಿಸುವವರ ಎಡಗೈ ಗಮನಿಸಿದ್ದೀರಾ? ಬಲಗೈ ಹಾಡು ನುಡಿಸುತ್ತಿದ್ದರೆ, ಎಡಗೈ ಮೂರು ಕೀಗಳನ್ನು ಒಟ್ಟಿಗೇ ಒತ್ತಿ ಹಿಡಿದಿರುತ್ತದೆ. ಹೀಗೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪನ್ನು ಕಾರ್ಡ್ ಎನ್ನುತ್ತಾರೆ.

ನಾನೂ ಹಾರ್ಮೋನಿಯಂನಲ್ಲಿ ಇದನ್ನು ಮಾಡಲು ಹೋದೆ. ಎರಡು ಕಪ್ಪು ಕೀಗಳ ಜೋಡಿ ಇದೆಯಲ್ಲ, ಅದರ ಎಡಕ್ಕಿರುವ ಬಿಳಿ ಕೀ ‘ಸ’ ಎಂದಿಟ್ಟುಕೊಂಡು, ಒಂದು ಬಿಟ್ಟು ಒಂದು ಬಿಳಿ ಕೀ ಒತ್ತಿದೆ. ಸ-ಗ-ಪ ಚೆನ್ನಾಗಿ ಕೇಳಿಸಿತು. ಮರುದಿನ ಪ್ರಾರ್ಥನೆಗೆ ಶ್ರುತಿ ಸ್ವಲ್ಪ ಏರಿಸೋಣ ಅಂತ ಪಕ್ಕದ ಬಿಳಿ ಕೀಯನ್ನು ‘ಸ’ ಮಾಡಿಕೊಂಡು ಅದೇ ರೀತಿ ಒತ್ತಿದೆ. ಹಾಡಿಗೂ ಪೆಟ್ಟಿಗೆಗೂ ಹೊಂದಲೇ ಇಲ್ಲ! ಹಾಡುವವರೇ ಅಪಸ್ವರ ಹಾಡುತ್ತಿದ್ದಾರೆ ಅಂತ ಅವರ ಮೇಲೆ ರೇಗಿಬಿಟ್ಟೆ. ಆದರೆ ತಪ್ಪು ನನ್ನ ಬೆರಳಿನದು.

ಕಾರಣ ಇಷ್ಟೆ. ‘ಸ’ದಿಂದ ಮೇಲಿನ ‘ಸ’ದವರೆಗೆ ಬಿಳಿ, ಕಪ್ಪು ಎಲ್ಲಾ ಸೇರಿ ೧೨ ಹೆಜ್ಜೆ. ಕಾರ್ಡ್ ಕಟ್ಟುವಾಗ ಕಪ್ಪು ಕೀಗಳನ್ನೂ ಎಣಿಸಬೇಕು.

ಮೇಜರ್ ಕಾರ್ಡ್: ‘ಸ’ದಿಂದ ೪ ಹೆಜ್ಜೆ, ಅಲ್ಲಿಂದ ೩ ಹೆಜ್ಜೆ.
ಮೈನರ್ ಕಾರ್ಡ್: ‘ಸ’ದಿಂದ ೩ ಹೆಜ್ಜೆ, ಅಲ್ಲಿಂದ ೪ ಹೆಜ್ಜೆ.

ಎರಡರಲ್ಲೂ ಸ-ಪ ಅದೇ. ಬದಲಾಗುವುದು ನಡುವಿನ ‘ಗ’ ಮಾತ್ರ. ೪ನೇ ಹೆಜ್ಜೆಯದು ಅಂತರ ಗಾಂಧಾರ, ೩ನೇ ಹೆಜ್ಜೆಯದು ಸಾಧಾರಣ ಗಾಂಧಾರ. ಮೊದಲ ದಿನ ನನಗೆ ಸಿಕ್ಕಿದ್ದು ಮೇಜರ್. ಎರಡನೇ ದಿನ ಗೊತ್ತಿಲ್ಲದೇ ಒತ್ತಿದ್ದು ಮೈನರ್. ಅಲ್ಲಿ ಅಂತರ ಗಾಂಧಾರ ಇದ್ದದ್ದು ಕಪ್ಪು ಕೀಯಲ್ಲಿ!

ಈ ಸ್ವರಗಳು ಏಕೆ ಹೊಂದುತ್ತವೆ? ವಿಜ್ಞಾನ ಪಾಠದ ಕಂಪನ ನೆನಪಿಸಿಕೊಳ್ಳಿ. ‘ಸ’ ಸೆಕೆಂಡಿಗೆ ೨೪೦ ಸಲ ಕಂಪಿಸಿದರೆ, ಅಂತರ ಗಾಂಧಾರ ಸುಮಾರು ೩೦೦, ‘ಪ’ ಸುಮಾರು ೩೬೦. ಅಂದರೆ ೪:೫:೬. ಲೆಕ್ಕ ಸರಳವಾದಷ್ಟೂ ಕಿವಿಗೆ ಹಿತ.

ನಮ್ಮ ಕರ್ನಾಟಕ ಸಂಗೀತದಲ್ಲಿ ಕಾರ್ಡ್ ಪದ್ಧತಿ ಇಲ್ಲ. ಅಲ್ಲಿ ರಾಗವೇ ಮುಖ್ಯ. ಆದ್ದರಿಂದ ಹಾಡಿನ ರಾಗದಲ್ಲಿ ಯಾವ ‘ಗ’ ಇದೆಯೋ ಅದನ್ನೇ ಒತ್ತಬೇಕು. ಶಂಕರಾಭರಣಕ್ಕೆ ಅಂತರ, ಖರಹರಪ್ರಿಯಕ್ಕೆ ಸಾಧಾರಣ. ಮೋಹನದಲ್ಲಿ ಒಂದು ತಮಾಷೆ ಇದೆ: ಸ-ಗ-ಪ ಮೇಜರ್ ಆದರೆ, ಅದೇ ರಾಗದ ದ-ಸ-ಗ ಮೈನರ್. ಎಣಿಸಿ ನೋಡಿ! ಯಾವ ‘ಗ’ ಎಂದು ತಿಳಿಯದಿದ್ದರೆ ತಂಬೂರಿಯ ಹಾಗೆ ಸ-ಪ ಮಾತ್ರ ಹಿಡಿಯಿರಿ. ಆದರೆ ಹಿಂದೋಳದಂತೆ ‘ಪ’ ಇಲ್ಲದ ರಾಗಕ್ಕೆ ಇದು ಆಗದು.

ಎರಡೂ ಸಂಗೀತ ಒಬ್ಬರೇ ಕಲಿಯಬಹುದೇ? ಖಂಡಿತ. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ (೧೯೧೯–೧೯೭೪) ಪಿಯಾನೋ ಕಲಿತು, ೧೯೪೫ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಅವರೇ ಕರ್ನಾಟಕ ಸಂಗೀತದಲ್ಲಿ ೯೪ ಕೃತಿಗಳನ್ನೂ ರಚಿಸಿದರು.

ಸ್ನೇಹಿತರೇ, ಹಾರ್ಮೋನಿಯಂ ಸಿಕ್ಕಾಗ ಯಾವುದೇ ಕೀ ಹಿಡಿದು ೪-೩, ೩-೪ ಎಣಿಸಿ ಒತ್ತಿ, ವ್ಯತ್ಯಾಸ ಕೇಳಿ. ಅಂದು ನನ್ನಿಂದ ಬೈಸಿಕೊಂಡವರು ದಯವಿಟ್ಟು ಕ್ಷಮಿಸಿ. ನೀವು ಸರಿಯಾಗಿಯೇ ಹಾಡಿದ್ದಿರಿ.

– ೯ನೇ ತರಗತಿಯ ವಿದ್ಯಾರ್ಥಿನಿ