ಹೆಬ್ಬಾಳ ಫ್ಲೈಓವರ್ ಮೇಲಿನ ಹೊಟ್ಟೆನೋವು

ಯಲಹಂಕದಲ್ಲಿ ಕ್ಲಿನಿಕ್ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಬೆಳಗ್ಗೆ ಬಾಗಿಲು ತೆಗೆದರೆ ಮೊದಲು ಕಿವಿಗೆ ಬೀಳುವ ಮಾತು 'ಗ್ಯಾಸ್ಟ್ರಿಕ್ ಡಾಕ್ಟ್ರೇ.' ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ, ಮೂರು ದಿನ ಮೋಷನ್ ಆಗದಿರುವುದು, ಒಂದೇ ದಿನ ಆರು ಸಲ ಆಗುವುದು, ಎಷ್ಟೋ ಸಲ ಬರೀ ದಿಗಿಲು, ಎಲ್ಲಕ್ಕೂ ಅದೊಂದೇ ಹೆಸರು. ವರ್ಷಗಟ್ಟಲೆ ಹೊಟ್ಟೆ ಹಿಡಿದುಕೊಂಡು ಬಂದವರು ನನಗೆ ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ. ಯಾರ ಗುರುತೂ ಹತ್ತದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

1. 'ನಿಮಗೇನೂ ಇಲ್ಲ' ಅನ್ನಬಾರದು

ನಾನು ಅಂದಿದ್ದೆ. ಕ್ಲಿನಿಕ್ ಶುರು ಮಾಡಿದ ಹೊಸತರಲ್ಲಿ, ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳಿಗೆ. ಸ್ಕ್ಯಾನ್, ಎಂಡೋಸ್ಕೋಪಿ, ರಕ್ತಪರೀಕ್ಷೆ ಯಾವುದರಲ್ಲೂ ದೋಷ ಸಿಗಲಿಲ್ಲ. 'ರಿಪೋರ್ಟ್ ಎಲ್ಲಾ ನಾರ್ಮಲ್ ಇದೆಯಮ್ಮ, ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ' ಎಂದೆ. ಧೈರ್ಯ ಹೇಳಿದೆ ಅಂದುಕೊಂಡಿದ್ದೆ. ಆಕೆಯ ಮನೆಯವರಿಗೆ ಅದೇ ಅಸ್ತ್ರವಾಯಿತು. ನೋವು ಅಂದಾಗಲೆಲ್ಲ 'ಡಾಕ್ಟ್ರೇ ಏನೂ ಇಲ್ಲ ಅಂದಿದ್ದಾರಲ್ಲ' ಎಂಬ ಉತ್ತರ. ಎರಡು ವರ್ಷ ಬಿಟ್ಟು ಬಂದಾಗ ಹನ್ನೊಂದು ಕೆಜಿ ಇಳಿದಿದ್ದರು. ಗಾಬರಿಯಾಗಿ ಮತ್ತೆ ಎಲ್ಲ ಪರೀಕ್ಷೆ ಮಾಡಿಸಿದೆ, ಕರುಳಿನಲ್ಲಿ ಗಾಯವಿರಲಿಲ್ಲ. ತಿಂದರೆ ನೋವು ಬರುತ್ತದೆಂದು ಒಂದೊಂದೇ ಪದಾರ್ಥ ಬಿಡುತ್ತಾ ಬಂದು ಕೊನೆಗೆ ತಟ್ಟೆಯಲ್ಲಿ ಮೊಸರನ್ನ ಮಾತ್ರ ಉಳಿದಿತ್ತು. 'ಯಾರಿಗೆ ಹೇಳಲಿ, ಎಲ್ಲಾ ಹೊಟ್ಟೆಗೆ ಹಾಕ್ಕೊಂಡಿದ್ದೀನಿ' ಅಂದರು.

ಆಕೆಗಿದ್ದದ್ದು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. 2016ರಲ್ಲಿ ಪರಿಷ್ಕರಿಸಿದ ರೋಮ್ ಮಾನದಂಡದ ಪ್ರಕಾರ, ಮೂರು ತಿಂಗಳಿಂದ ಸರಾಸರಿ ವಾರಕ್ಕೊಂದು ದಿನವಾದರೂ ಹೊಟ್ಟೆನೋವು ಇರಬೇಕು. ಮಲವಿಸರ್ಜನೆ, ಅದರ ಲೆಕ್ಕ ಬದಲಾಗುವುದು, ಅದರ ರೂಪ ಬದಲಾಗುವುದು, ಈ ಮೂರರಲ್ಲಿ ಎರಡರ ಜೊತೆಗಾದರೂ ಆ ನೋವಿಗೆ ನಂಟಿರಬೇಕು. ತೊಂದರೆ ಶುರುವಾಗಿ ಆರು ತಿಂಗಳಾಗಿರಬೇಕು. ಇಲ್ಲಿ ಕೆಟ್ಟಿರುವುದು ಕರುಳಿನ ಚಲನೆ ಮತ್ತು ಅದರ ನರಗಳ ಸೂಕ್ಷ್ಮತೆ. ಸ್ಕ್ಯಾನಿನಲ್ಲಿ ಅದು ಕಾಣುವುದಿಲ್ಲ. ಈಗ ನಾನು ಹೇಳುವುದು ಇಷ್ಟೇ: 'ನಿಮ್ಮ ನೋವು ನಿಜ, ಅದಕ್ಕೊಂದು ಹೆಸರಿದೆ.' ಈ ಮಾತು ಕೇಳಿ ಅತ್ತವರು ಎಷ್ಟೋ ಜನ.

2. ಏನೇನು ಬಿಟ್ಟಿರಿ ಎಂದು ಕೇಳಬೇಕು

ಆರ್‌ಟಿ ನಗರದ ಒಬ್ಬರು ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸುತ್ತಾರೆ. ಮೇಖ್ರಿ ಸರ್ಕಲ್‌ನಿಂದ ಸಾದಹಳ್ಳಿ ಟೋಲ್‌ವರೆಗೆ ಯಾವ ಪೆಟ್ರೋಲ್ ಬಂಕಿನ ಟಾಯ್ಲೆಟ್ ರಾತ್ರಿ ತೆರೆದಿರುತ್ತದೆ, ಯಾವುದಕ್ಕೆ ಬೀಗ, ಯಾವುದರ ಕೀಲಿ ಯಾರ ಹತ್ತಿರ ಎಂಬುದೆಲ್ಲ ಅವರಿಗೆ ಬಾಯಿಪಾಠ. 'ಹೆಬ್ಬಾಳ ಫ್ಲೈಓವರ್ ಹತ್ತೋದೇ ಭಯ ಸಾರ್. ಮೇಲೆ ಜಾಮ್ ಆದ್ರೆ ಇಳಿಯೋಕೆ ಜಾಗ ಇಲ್ಲ. ಹಿಂದೆ ಕೂತ ಪ್ಯಾಸೆಂಜರ್‌ಗೆ ಏನಂತ ಹೇಳ್ಲಿ?' ಆ ಭಯಕ್ಕೆ ಹೊಟ್ಟೆ ಇನ್ನಷ್ಟು ನುಲಿಯುತ್ತದೆ, ನುಲಿದದ್ದಕ್ಕೆ ಭಯ ಹೆಚ್ಚುತ್ತದೆ. ಕೆಲಸ ಮುಗಿಯುವವರೆಗೆ ಉಪವಾಸ ಇದ್ದು ರಾತ್ರಿ ಎರಡಕ್ಕೆ ಹೊಟ್ಟೆ ಬಿರಿಯೆ ಉಂಡು ಮಲಗುತ್ತಿದ್ದರು.

ನಾನು ಬರೀ ಹೊಟ್ಟೆಯ ವಿಷಯ ಕೇಳಿದ್ದರೆ 'ದಿನಕ್ಕೆ ನಾಲ್ಕು ಸಲ ಭೇದಿ' ಎಂದು ಬರೆದುಕೊಂಡು ಮಾತ್ರೆ ಕೊಟ್ಟು ಕಳಿಸುತ್ತಿದ್ದೆ. ಏನೇನು ಬಿಟ್ಟಿದ್ದೀರಿ ಎಂದು ಕೇಳಿದ್ದರಿಂದ ಉಳಿದದ್ದು ಹೊರಬಂತು: ಮದುವೆ ಮನೆ ಬಿಟ್ಟಿದ್ದಾರೆ, ಬಸ್ಸು ಹತ್ತುವುದಿಲ್ಲ, ಮಗಳ ಸ್ಕೂಲ್ ಡೇಗೆ ಎರಡು ವರ್ಷದಿಂದ ಹೋಗಿಲ್ಲ, ಆರು ವರ್ಷದಿಂದ ಧರ್ಮಸ್ಥಳದ ಹರಕೆ ಬಾಕಿ. ಐಬಿಎಸ್‌ನವರ ಜೀವನಮಟ್ಟ ಅಳೆಯಲು 34 ಪ್ರಶ್ನೆಗಳ ಒಂದು ಪ್ರಶ್ನಾವಳಿಯಿದೆ. ಹೊರಗೆ ಇಪ್ಪತ್ತು ಜನ ಕಾದಿರುವಾಗ ಅದಕ್ಕೆ ಬಿಡುವಿರುವುದಿಲ್ಲ. ಈ ಒಂದು ಪ್ರಶ್ನೆಗಾದರೂ ಬಿಡುವು ಮಾಡಿಕೊಳ್ಳುತ್ತೇನೆ.

3. ದಾರಿ ಎರಡೂ ಕಡೆಗಿದೆ

ಮನಸ್ಸು ಕೆಟ್ಟು ಹೊಟ್ಟೆ ಕೆಟ್ಟಿತೋ, ಹೊಟ್ಟೆ ಕೆಟ್ಟು ಮನಸ್ಸು ಕೆಟ್ಟಿತೋ ಎಂದು ಮನೆಯವರು ಕೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ 12 ವರ್ಷ ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಮೊದಲು ಆತಂಕವಿದ್ದವರಲ್ಲಿ ಮುಂದೆ ಹೊಟ್ಟೆಯ ತೊಂದರೆ ಹೆಚ್ಚಿತ್ತು. ಮೊದಲು ಹೊಟ್ಟೆಯ ತೊಂದರೆಯಿದ್ದವರಲ್ಲಿ ಮುಂದೆ ಆತಂಕ ಹೆಚ್ಚಿತ್ತು. ಮಿದುಳಿಗೂ ಕರುಳಿಗೂ ಸೇತುವೆಯಾಗಿರುವ ವೇಗಸ್ ನರದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಎಳೆಗಳು ಕೆಳಗಿನಿಂದ ಮೇಲಕ್ಕೇ ಸುದ್ದಿ ಒಯ್ಯುತ್ತವೆ. ಹಾಗಾಗಿ ಯಾರ ತಪ್ಪು ಎಂಬ ಪಂಚಾಯಿತಿ ಬೇಡ. ಎರಡಕ್ಕೂ ಒಟ್ಟಿಗೇ ಔಷಧ ಮಾಡಬೇಕು.

4. ಹಾಗಂತ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು

ಯಶವಂತಪುರ ಯಾರ್ಡಿನಲ್ಲಿ ಮೂಟೆ ಹೊರುವ ಹುಡುಗನೊಬ್ಬ ಎಂಟು ತಿಂಗಳು ಬೇರೆ ಕಡೆ 'ಟೆನ್ಷನ್'ಗೆ ಮಾತ್ರೆ ತಿಂದು ನನ್ನ ಹತ್ತಿರ ಬಂದ. ಮಲದಲ್ಲಿ ರಕ್ತ ಹೋಗುತ್ತಿತ್ತು. ನಾಚಿಕೆಯಿಂದ ಅವನು ಹೇಳಿರಲಿಲ್ಲ, ಅಲ್ಲಿನ ವೈದ್ಯರು ಕೇಳಿರಲಿಲ್ಲ. ಕೊಲೊನೋಸ್ಕೋಪಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಎಂದು ಗೊತ್ತಾಯಿತು. ರಕ್ತ, ತೂಕ ಇಳಿಕೆ, ಜ್ವರ, ರಕ್ತಹೀನತೆ, ನಡುರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತರ ನಂತರ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್: ಇವುಗಳಲ್ಲಿ ಒಂದಿದ್ದರೂ ಮೊದಲು ಪರೀಕ್ಷೆ. ನಮ್ಮ ದೇಶದಲ್ಲಿ ಕರುಳಿನ ಕ್ಷಯವನ್ನೂ ಮರೆಯುವಂತಿಲ್ಲ. ಹೊಟ್ಟೆ ಹುಣ್ಣಿಗೆ ಚಿಂತೆಯೇ ಕಾರಣವೆಂದು ವೈದ್ಯರೇ ದಶಕಗಟ್ಟಲೆ ನಂಬಿದ್ದರು. ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಲು ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದರು. 2005ರಲ್ಲಿ ರಾಬಿನ್ ವಾರೆನ್ ಜೊತೆ ಅವರಿಗೆ ನೊಬೆಲ್ ಬಂತು.

5. ಗೋಡೆಯ ಕ್ಯಾಲೆಂಡರ್ ಸಾಕು

ನೋವಿನ ಲೆಕ್ಕ ಇಡಲು ಆ್ಯಪ್ ಬೇಡ. ನೋವು ಬಂದ ದಿನದ ಚೌಕದಲ್ಲಿ ಒಂದು ಗೆರೆ ಹಾಕಿ, ಹಿಂದಿನ ದಿನ ತಿಂದದ್ದನ್ನು ಒಂದು ಪದದಲ್ಲಿ ಬರೆಯಿರಿ ಎನ್ನುತ್ತೇನೆ. ಒಬ್ಬಾಕೆ ಎರಡು ತಿಂಗಳ ಹಾಳೆ ಕಿತ್ತು ತಂದಿದ್ದರು. ಅವರೆಕಾಳು ಸೀಸನ್, ಅವರೆಯದೇ ಕಾಟ ಎಂದು ಇಬ್ಬರೂ ಅಂದುಕೊಂಡಿದ್ದೆವು. ಹಿಸುಕಿದಬೇಳೆ ಸಾರು ಮಾಡಿದ ಎರಡು ದಿನ ಹೊಟ್ಟೆ ಉಬ್ಬರಿಸಿದ್ದೂ ನಿಜವೇ. ಆದರೆ ಗೆರೆಗಳೆಲ್ಲ ಸೋಮವಾರ, ಮಂಗಳವಾರದ ಸಾಲಿನಲ್ಲಿ ದಟ್ಟವಾಗಿದ್ದವು. ಮಂಗಳವಾರ ಮೈಕ್ರೋಫೈನಾನ್ಸ್ ಕಂತಿನ ದಿನ. ನಾನು ಬೆರಳಿಟ್ಟು ತೋರಿಸಿದಾಗ ಆಕೆ ಹಾಳೆಯನ್ನೇ ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದರು.

ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳಲ್ಲಿರುವ ಕೆಲವು ಸಕ್ಕರೆಗಳು ಗ್ಯಾಸ್ ಮಾಡುತ್ತವೆ. ಕೆಲವು ವಾರ ಬಿಟ್ಟು ನೋಡಿ, ಒಂದೊಂದಾಗಿ ಮರಳಿ ಸೇರಿಸಬೇಕು. ಮರಳಿ ಸೇರಿಸುವ ಭಾಗವನ್ನು ಯಾರೂ ಹೇಳುವುದಿಲ್ಲ. ಮೊಸರನ್ನದ ತಟ್ಟೆ ಹುಟ್ಟುವುದು ಅಲ್ಲಿಯೇ.

6. ಮೆಡಿಕಲ್ ಸ್ಟೋರಿನ ಮಾತ್ರೆ

ಅಂಗಡಿಯಲ್ಲಿ ಕೇಳಿ ತರುವ ಪ್ಯಾಂಟೊಪ್ರಜೋಲ್ ಆಸಿಡ್ ತಗ್ಗಿಸುತ್ತದೆ, ಐಬಿಎಸ್‌ಗೆ ಔಷಧವಲ್ಲ. ವರ್ಷಗಟ್ಟಲೆ ನುಂಗಿ ದಿಢೀರನೆ ಬಿಟ್ಟರೆ ಎದೆಯುರಿ ಮೊದಲಿಗಿಂತ ಜೋರಾಗಬಹುದು. ವೈದ್ಯರನ್ನು ಕೇಳಿ ನಿಧಾನವಾಗಿ ಬಿಡಬೇಕು.

7. 'ಇದು ಮೆಂಟಲ್ ಮಾತ್ರೆನಾ?'

ಕ್ಯಾಬ್ ಓಡಿಸುವವರಿಗೆ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟಿದ್ದೆ. ಅಂಗಡಿಯ ಹುಡುಗ 'ಇದು ಡಿಪ್ರೆಷನ್‌ಗೆ ಕೊಡೋದು' ಅಂದನಂತೆ. ಅವರು ಮಾತ್ರೆಯನ್ನು ಅಲ್ಲೇ ಬಿಟ್ಟು ಹೋದರು. ಮೊದಲೇ ಬಿಡಿಸಿ ಹೇಳದಿದ್ದದ್ದು ನನ್ನ ತಪ್ಪು. ಈಗ ಹೇಳುತ್ತೇನೆ: ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ, 10 ಮಿಲಿಗ್ರಾಂನಿಂದ ಶುರು. ಕರುಳಿನ ನರಗಳ ನೋವನ್ನು ತಗ್ಗಿಸುತ್ತದೆ. ಬ್ರಿಟನ್ನಿನಲ್ಲಿ 463 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನನ್ನಂಥ ಸಾಮಾನ್ಯ ವೈದ್ಯರ ಕೈಯಲ್ಲೇ ಇದು ಕೆಲಸ ಮಾಡಿದೆ. ಮಂಪರು ಬರುತ್ತದೆ. ಹಾಗಾಗಿ ಗಾಡಿ ಓಡಿಸುವವರಿಗೆ ಯಾವಾಗ ತೆಗೆದುಕೊಳ್ಳಬೇಕೆಂದು ಕೂತು ಲೆಕ್ಕ ಹಾಕಬೇಕು. ಕ್ಯಾಬಿನವರು ರಾತ್ರಿ ಪಾಳಿಯನ್ನು ಹಗಲಿಗೆ ಬದಲಾಯಿಸಿದ ಮೇಲೆಯೇ ಶುರು ಮಾಡಿದೆವು.

8. 14416

'ನಿಮ್ಹಾನ್ಸ್' ಎಂದರೆ ಇಂದಿಗೂ ಹೆದರುವವರಿದ್ದಾರೆ. ಅದಿರುವ ಹೊಸೂರು ರಸ್ತೆ ಇಲ್ಲಿಂದ ದೂರವೂ ಹೌದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿಗೆ ನಿಮ್ಹಾನ್ಸೇ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಚೀಟಿಯಲ್ಲಿ ಔಷಧದ ಜೊತೆಗೇ ಅದರ ಸಂಖ್ಯೆ 14416 ಅನ್ನೂ ಬರೆಯುತ್ತೇನೆ.

ಕ್ಯಾಬಿನವರು ಗಾಡಿ ನಿಲ್ಲಿಸಿಕೊಂಡೇ ಮೂರು ಸಲ ಫೋನ್ ಮಾಡಿದ್ದರಂತೆ. ಹೊಟ್ಟೆ ಇನ್ನೂ ಒಂದೊಂದು ದಿನ ಕೈಕೊಡುತ್ತದೆ. ಹೋದ ಕಾರ್ತಿಕದಲ್ಲಿ ಧರ್ಮಸ್ಥಳದ ಪ್ರಸಾದ ತಂದುಕೊಟ್ಟರು. ಹೆಂಡತಿ ಮಕ್ಕಳ ಜೊತೆ ರಾತ್ರಿ ಬಸ್ಸಿನಲ್ಲಿ ಹೋಗಿದ್ದರು. ದಾರಿ ಹೇಗಿತ್ತು, ಘಾಟಿಯಲ್ಲಿ ಎಲ್ಲಾದರೂ ನಿಲ್ಲಿಸಿದರಾ ಎಂದು ಕೇಳಿದೆ.

'ಗೊತ್ತಿಲ್ಲ ಸಾರ್,' ಅಂದರು. 'ಶಿರಾಡಿ ಘಾಟಿ ಬಂದಾಗ ನನಗೆ ನಿದ್ದೆ ಬಂದ್ಬಿಟ್ಟಿತ್ತು.'